ಟೈಲರಮ್ಮನ ಬ್ಲೇಡು

ಹೊಲಿಗೆ ಕೂಲಿಗಿಂತ ರೆಡಿಮೇಡ್ ಬಟ್ಟೆಯೇ ಅಗ್ಗವಾದ ಮೇಲೆ ಟೈಲರಮ್ಮನ ಮೂವತ್ತು ವರ್ಷದ ಅಂಗಡಿಗೆ ಬೀಗ ಬಿತ್ತು. ಈಗ ಅದೇ ರೆಡಿಮೇಡ್ ಕಂಪನಿಯ ಗೋದಾಮಿನಲ್ಲಿ ಅವಳಿಗೆ ಕೆಲಸ. ಮಾರಾಟವಾಗದೆ ಉಳಿದ ಹೊಚ್ಚ ಹೊಸ ಬಟ್ಟೆಗಳನ್ನು ಬ್ಲೇಡಿನಿಂದ ಸೀಳಿ ಕಸಕ್ಕೆ ಹಾಕಬೇಕು. ಬಿಟ್ಟಿ ಸಿಕ್ಕರೆ ಕೊಳ್ಳುವವರು ಯಾರು ಎನ್ನುವುದು ಕಂಪನಿಯ ಚಿಂತೆ. ಉಣ್ಣುವ ಅನ್ನಕ್ಕೆ ಮಣ್ಣು ಹಾಕುವ ಕೆಲಸ ಎಂದು ಅವಳು ಮೊದಲ ದಿನವೇ ಗೊಣಗಿದ್ದಳು. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಮಗ, ಶಾಲೆಗೆ ಹೋಗುವ ಮೊಮ್ಮಗಳು; ಒಲೆ ಉರಿಯುವುದು ಇವಳ ದುಡಿಮೆಯಿಂದಲೇ.

ಮೂರನೇ ವಾರ ಸೂಪರ್‌ವೈಸರ್ ಒಂದು ಕೋಟು ಹಿಡಿದು ಬಂದ. ಗೇಟಿನ ಕಾವಲುಗಾರ ಅದನ್ನು ಕಸದಿಂದ ಎತ್ತಿಕೊಂಡು, ಬಿಚ್ಚಿದ್ದ ತೋಳು ಹೊಲಿಸಿ, ತೊಟ್ಟುಕೊಂಡೇ ಡ್ಯೂಟಿಗೆ ಬಂದಿದ್ದನಂತೆ. ಪಾಪ, ಕದ್ದದ್ದನ್ನು ಬಚ್ಚಿಡುವಷ್ಟು ಬುದ್ಧಿಯೂ ಇರಲಿಲ್ಲ.

“ಅಮ್ಮಾ, ಸೀಳಿ ಅಂದ್ರೆ ನೀವು ಹೊಲಿಗೆ ಬಿಚ್ತಾ ಇದ್ದೀರಲ್ಲ!”

ಅವಳು ರಾಶಿಯ ಕಡೆ ನೋಡಿದಳು. ನಿಜ. ಒಂದು ಬಟ್ಟೆಗೂ ಗಾಯವಾಗಿರಲಿಲ್ಲ. ಬ್ಲೇಡು ತಾನಾಗಿಯೇ ಹೊಲಿಗೆ ಹುಡುಕಿಕೊಂಡು ಹೋಗಿತ್ತು.

“ಬೇಕಂತ ಮಾಡಿಲ್ಲಪ್ಪ. ಕೈಗೆ ಅಷ್ಟೇ ಗೊತ್ತು.”

“ಹಾಗಾದ್ರೆ ಕೈಗೆ ಹೇಳ್ಕೊಡಿ. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ.”

ಕಾವಲುಗಾರ ಮರುದಿನದಿಂದ ಕಾಣಲಿಲ್ಲ.

ಅವಳು ಅದೇ ಕೋಟಿನ ಎದೆಗೆ ಬ್ಲೇಡು ಇಟ್ಟು ಎಳೆದಳು. ಕರುಳು ಕಿತ್ತು ಬಂದಂತಾಯಿತು. ಎರಡನೆಯದಕ್ಕೂ ಹಾಗೇ ಆಯಿತು. ನೂರನೆಯದಕ್ಕೆ ಏನೂ ಆಗಲಿಲ್ಲ. ತಿಂಗಳಾಗುವಷ್ಟರಲ್ಲಿ ಪಕ್ಕದವಳ ಜೊತೆ ಹರಟೆ ಹೊಡೆಯುತ್ತಾ, ನೋಡದೆಯೇ ಸೀಳತೊಡಗಿದಳು.

“ಈಗ ಕೈ ಪಳಗ್ತು ನೋಡಿ,” ಎಂದ ಸೂಪರ್‌ವೈಸರ್. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ಒಂದು ಭಾನುವಾರ ಮೊಮ್ಮಗಳು ತನ್ನ ನೀಲಿ ಫ್ರಾಕು ತಂದಳು. ಅಂಗಡಿ ಮುಚ್ಚುವ ಮುನ್ನ ಟೈಲರಮ್ಮ ಹೊಲಿದ ಕೊನೆಯ ಬಟ್ಟೆ ಅದು. ಬೆಳೆಯುವ ಮಗು ಎಂದು ಪಕ್ಕದ ಹೊಲಿಗೆಗಳ ಒಳಗೆ ಒಂದೊಂದು ಬೆರಳಷ್ಟು ಬಟ್ಟೆ ಬಿಟ್ಟಿದ್ದಳು.

“ಅಜ್ಜೀ, ಬಿಗಿ ಆಗ್ತಿದೆ. ಬಿಚ್ಚಿ ಅಗಲ ಮಾಡ್ಕೊಡು.”

“ತಾ ಇಲ್ಲಿ. ಇನ್ನೂ ಒಂದು ವರ್ಷ ಹಾಕ್ಕೋಬಹುದು.”

ಫ್ರಾಕನ್ನು ತೊಡೆಯ ಮೇಲೆ ಹರಡಿಕೊಂಡಳು. ಶಾಲೆಯ ಸುದ್ದಿ ಕೇಳುತ್ತಾ ಬ್ಲೇಡು ಎಳೆದಳು. ಕೊರಳಿನಿಂದ ಅಂಚಿನವರೆಗೆ, ನಟ್ಟನಡುವೆ, ಫ್ರಾಕು ಎರಡು ಹೋಳಾಯಿತು.

ಅಜ್ಜಿಯ ಮುಖ ಕಂಡು ಹುಡುಗಿಗೇ ಹೆದರಿಕೆಯಾಯಿತು.

“ಹೋಗ್ಲಿ ಬಿಡಜ್ಜಿ. ಹಳೇದು ತಾನೆ? ಹೊಸದು ತಗೊಳ್ಳೋಣ.”

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವವರು ಆ ಗೋದಾಮು ನೋಡಿಲ್ಲ. ಟೈಲರಮ್ಮ ಎರಡೂ ಹೋಳುಗಳನ್ನು ಕೂಡಿಸಿ ಹಿಡಿದಳು. ಹೊಲಿಯಬಹುದಿತ್ತು. ಆದರೆ ಪಕ್ಕಗಳನ್ನು ಬಿಚ್ಚಿದರೂ ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಈ ನಡುಹೊಲಿಗೆಗೇ ಹೋಗಿ, ಫ್ರಾಕು ಇದ್ದಷ್ಟೇ ಬಿಗಿಯಾಗಿ ಉಳಿಯುತ್ತಿತ್ತು.

ಆದರೂ ಸೂಜಿ ತೆಗೆದಳು. ಕಣ್ಣು ತುಂಬಿಕೊಂಡು ದಾರ ಪೋಣಿಸಲಾಗಲಿಲ್ಲ. “ನೀನು ಪೋಣಿಸು ಪುಟ್ಟಿ,” ಎಂದು ಮೊಮ್ಮಗಳಿಗೆ ಕೊಟ್ಟಳು.

ಟೈಲರಮ್ಮನ ಮೊಮ್ಮಗಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ.