ಗೋಡೆಗೆ ಹೋದ ಅದುರು

ಸಾವಿನ ಮನೆಯ ಊಟದ ಹೊಣೆ ಹೊತ್ತಿದ್ದ ನೆಂಟ ಚಿಕ್ಕಸಿದ್ದಯ್ಯ ಗಿರಣಿಯ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಮುರುಗೇಶ ಓಡಿಬಂದು ಆ ಕೈ ಹಿಡಿದುಕೊಂಡ.

“ಬ್ಯಾಡಿ ಮಾವ, ಮಿಷನ್ ಆಕ್ಬೇಡಿ.”

“ಯಾಕ್ಲಾ? ಮಣ್ಣು ಮುಗ್ಸಿ ಬರೋರ್ಗೆ ಮುದ್ದೆ ಬ್ಯಾಡ್ವಾ? ಗೋಪಿನಾಥಂನಿಂದ ನಂಟ್ರು ಬಂದವ್ರೆ. ರಾಗಿ ಅದೆ, ಬೀಸಿದ್ರಾಯ್ತು.”

ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ. ಆ ಬದಿಯಲ್ಲಿ ಗಿರಣಿಯ ಯಜಮಾನ ಶಾಂತರಾಜುವಿನ ಹೆಣವನ್ನು ಗೋಡೆಗೇ ಒರಗಿಸಿ ಕೂರಿಸಿದ್ದರು; ಸುತ್ತ ಹೆಂಗಸರು, ಮಕ್ಕಳು. ಈ ಬದಿಯಲ್ಲಿ, ಕೆಲಸದಾಳು ಮುರುಗೇಶ ಸೂರಿನೆತ್ತರ ಪೇರಿಸಿದ ರಾಗಿ ಮೂಟೆಗಳು. ಅವುಗಳ ಹಿಂದೆ ಏನಿದೆಯೆಂದು ಅವನೊಬ್ಬನಿಗೇ ಗೊತ್ತು.

*

ಇಪ್ಪತ್ತು ವರ್ಷದಿಂದ ಶಾಂತರಾಜು ಹೇಳುತ್ತಿದ್ದುದು ಒಂದೇ ಮಾತು: “ಮಿಷನ್ನು ಅದುರ್ಲಿ ಕಣ್ಲಾ. ಅದುರು ಗೋಡೆಗೆ ಓಗ್ಬಾರ್ದು.” ಅದಕ್ಕೇ ಹನೂರಿನಿಂದ ಹಳೇ ಲಾರಿ ಟೈರು ತಂದು, ಕೊಯ್ದು, ಮಿಷನ್ನಿನ ನಾಲ್ಕು ಕಾಲಿಗೂ ಮೆತ್ತೆ ಕೊಟ್ಟಿದ್ದ. ಗೋಡೆಯ ಗೂಡಿನಲ್ಲಿ ಲೋಟದ ತುಂಬ ನೀರಿಟ್ಟು, ಅದು ಅಲುಗಿದರೆ ಮಿಷನ್ ನಿಲ್ಲಿಸಿಬಿಡುತ್ತಿದ್ದ. ಹಿಟ್ಟಿಗೆ ಕಾದವರು ಗೊಣಗಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವನು ಜ್ವರದಿಂದ ಮಲಗಿದ ಮೂರನೆಯ ದಿನ, ಸವೆದ ಮೆತ್ತೆಗಳ ಮೇಲೆ ಮಿಷನ್ನು ಕುಣಿಯತೊಡಗಿತು. ಬಿಗಿಯಾಗಿ ಕಟ್ಟಿದ ಎತ್ತು ಕುಣಿದೀತೇ ಎಂದುಕೊಂಡ ಮುರುಗೇಶ ಮೆತ್ತೆಗಳನ್ನು ಕಿತ್ತೆಸೆದು, ಕಾಲುಗಳನ್ನು ನೆಲಕ್ಕೇ ಬೋಲ್ಟು ಹಾಕಿ ಬಿಗಿದ. ಮಿಷನ್ನು ಅಲುಗದೆ ನಿಂತಿತು, ಗೋಡೆ ಗುಂಯ್‌ಗುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಸೂರಿನಿಂದ ನೆಲದವರೆಗೆ ಬಿರುಕು; ಮನೆಯ ಬದಿಗೆ ಅದು ಕೂದಲೆಳೆಯಷ್ಟೇ ಕಾಣುತ್ತಿತ್ತು. ಗೋಡೆಗೆ ತಾಗಿದ ಮಂಚದಿಂದ ಎದ್ದು ಬಂದ ಶಾಂತರಾಜು ಗಿರಣಿಯ ಹೊಸ್ತಿಲಲ್ಲೇ ಬಿದ್ದು ಸತ್ತ.

*

“ಬುಡ್ಲಾ ಕೈಯ,” ಎಂದ ಚಿಕ್ಕಸಿದ್ದಯ್ಯ.

“ಗೋಡೆ ಬಿದ್ದೋಯ್ತದೆ ಮಾವ. ರಬ್ಬರ್ ಕಿತ್ತಿದ್ದು ನಾನೇ. ಅಣ್ಣನ್ನ ಕೊಂದಿದ್ದೂ ನಾನೇ.”

ಮೂಟೆ ಎಳೆದು ನೋಡಿದರೆ ಚಿಕ್ಕಸಿದ್ದಯ್ಯನ ಅಂಗೈ ಬಿರುಕಿನೊಳಗೆ ಹೋಯಿತು. ಅವನು ಬೈಯಲಿಲ್ಲ. ಮೆಲ್ಲಗೆ ಮನೆಯೊಳಗೆ ಹೋಗಿ, ಸೆಕೆಯ ನೆಪ ಹೇಳಿ, ಹೆಣವನ್ನೂ ಜನರನ್ನೂ ಅಂಗಳದ ಚಪ್ಪರಕ್ಕೆ ಸಾಗಿಸಿದ.

ಶಾಂತರಾಜುವಿನ ಹೆಂಡತಿ ಮಹಾದೇವಮ್ಮ ಮಾತ್ರ ಟವಲ್ಲಿನ ಗಂಟೊಂದನ್ನು ಹಿಡಿದು ಗಿರಣಿಗೆ ಬಂದಳು. ಬಿರುಕಿನಿಂದ ಅವಳಿಗೆ ಎಲ್ಲ ಕೇಳಿಸಿತ್ತು. ಮುರುಗೇಶ ತಲೆ ತಗ್ಗಿಸಿದ.

“ಬಿದ್ದಾಗ ಈ ಟವಲ್ಲು ಅವರ ಕೈಲಿತ್ತು ಕಣಪ್ಪ. ಏನು ಎತ್ತ ಅಂತ ಗೊತ್ತಾಗ್ದೆ ಎತ್ತಿಟ್ಟಿದ್ದೆ,” ಎಂದು ಗಂಟು ಬಿಚ್ಚಿದಳು.

ಹೊಸದಾಗಿ ಕೊಯ್ದ ಟೈರಿನ ಮೂರು ಮೆತ್ತೆಗಳಿದ್ದವು. ನಾಲ್ಕನೆಯದು ಅರ್ಧ ಕೊಯ್ದಿತ್ತು. ಚಾಕು ಅದರಲ್ಲೇ ಸಿಕ್ಕಿಕೊಂಡಿತ್ತು.