ಅರ್ಮಿಂದಾ ಉಳಿಸಿದ ಮೋಲಿ ಮೀನು

ತಂಗಿ ನೇಯ್ದಿ ಗಂಡನನ್ನು ಬಿಟ್ಟು ಬಂದಳೆಂದು ಅರ್ಮಿಂದಾಗೆ ಬೇಸರವೇನೂ ಆಗಲಿಲ್ಲ. ಬರಲಿ, ಅವಳಿಗೂ ತವರುಮನೆಯೇ ತಾನೆ. ಆದರೆ ನೇಯ್ದಿ ಮೆರಿದಾ ಪಟ್ಟಣದ ಬಸ್ಸಿನಿಂದ ಸಿಸಾಲ್ ಬಂದರಿನಲ್ಲಿ ಇಳಿದಾಗ ಜೊತೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು, ಮುಚ್ಚಿದ ಡಬ್ಬದಲ್ಲಿ ಏಳು ಕಪ್ಪು ಮೀನುಗಳಿದ್ದವು. ಕಷ್ಟವೆಲ್ಲ ಶುರುವಾದದ್ದು ಆ ಮೀನುಗಳಿಂದ.

"ಮೋಲಿ ಮೀನು ಅಕ್ಕಾ. ಅವನ ಮನೇಲಿ ನಂದು ಅಂತ ಇದ್ದಿದ್ದು ಇವಿಷ್ಟೇ," ಎಂದಳು ನೇಯ್ದಿ.

"ಹುರಿದ್ರೆ ಒಬ್ಬರಿಗೂ ಸಾಲಲ್ಲ," ಎಂದಳು ಅರ್ಮಿಂದಾ.

ತಾಯಿ ದೋನ್ಯಾ ಫಿದೇಲಿಯಾ ಬಿದ್ದು ಸೊಂಟ ಮುರಿದುಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅವಳನ್ನು ಹಗ್ಗದ ಜೋಲಿಯಿಂದ ಎತ್ತಿ ಕೂರಿಸಿದವಳು, ಮೀಯಿಸಿದವಳು, ಮೆಕ್ಕೆಜೋಳದ ಗಂಜಿ ಕುಡಿಸಿದವಳು, ಜಡೆ ಹೆಣೆದವಳು ಅರ್ಮಿಂದಾ. ಮಧ್ಯಾಹ್ನ ಅವಳು ಕಸೂತಿ ಹಾಕುತ್ತಾ ಕಾಲಿನಿಂದ ಜೋಲಿಯನ್ನು ಮೆಲ್ಲಗೆ ತೂಗಬೇಕು, ಆಗಲೇ ಮುದುಕಿಗೆ ನಿದ್ದೆ. ಆ ಹೊತ್ತು ಅಮ್ಮ ತನ್ನೊಬ್ಬಳಿಗೇ ಸೇರಿದವಳೆಂದು ಅರ್ಮಿಂದಾ ನಂಬಿದ್ದಳು. ನೇಯ್ದಿಯದೇನು, ಮೇ ತಿಂಗಳ ತಾಯಂದಿರ ದಿನಕ್ಕೆ ಒಂದು ಫೋನು, ಎರಡು ಹನಿ ಕಣ್ಣೀರು, ಅಷ್ಟೇ.

ಮೀನಿನ ತೊಟ್ಟಿ ನೇಯ್ದಿಯ ಕೋಣೆಯಲ್ಲಿ ಕುಳಿತ ಮೂರನೆಯ ದಿನ ಅಮ್ಮ ತನ್ನ ಜೋಲಿಯನ್ನೂ ಅಲ್ಲಿಯೇ ಕಟ್ಟಲು ಹೇಳಿದಳು. ಕಟ್ಟಿಕೊಟ್ಟವಳೂ ಅರ್ಮಿಂದಾ. ಮುದುಕಿ ಬೆಳಿಗ್ಗೆಯಿಂದ ಸಂಜೆವರೆಗೆ ಗಾಜಿನ ಮೇಲೇ ಕಣ್ಣಿಟ್ಟು ಮಲಗಿದಳು. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಎತ್ತುತ್ತಿದ್ದ ದೊಡ್ಡ ಗಂಡುಮೀನಿಗೆ ತೀರಿಹೋದ ಗಂಡ ಕ್ರಿಸಾಂತೊನ ಹೆಸರನ್ನೇ ಇಟ್ಟಳು.

"ಅಪ್ಪ ಬದುಕಿದ್ದಾಗ ಅವನ ಮುಖ ಇಷ್ಟು ಹೊತ್ತು ನೋಡಿದ್ಯಾ ನೀನು?" ಎಂದು ಅರ್ಮಿಂದಾ ಮೂಗು ಮುರಿದಳು.

"ಇವನು ಕುಡಿದು ಬರಲ್ಲ ಕಣೇ," ಎಂದು ಅಮ್ಮ ನಕ್ಕಳು. ನೇಯ್ದಿಯೂ ನಕ್ಕಳು. ಇಬ್ಬರೂ ಒಟ್ಟಿಗೆ ನಕ್ಕದ್ದು ಅರ್ಮಿಂದಾಗೆ ಕಣ್ಣಿಗೆ ಖಾರ ಎರಚಿದಂತಾಯಿತು. ಒಂಬತ್ತು ವರ್ಷದಲ್ಲಿ ತಾನು ಹೇಳಿದ ಯಾವ ಮಾತಿಗೆ ಅಮ್ಮ ಹೀಗೆ ನಕ್ಕಿದ್ದಳು ಎಂದು ಹುಡುಕಿದಳು. ಒಂದೂ ನೆನಪಾಗಲಿಲ್ಲ.

ನೇಯ್ದಿ ಮೀನುಗಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಳು. ಚಾಯಾ ಸೊಪ್ಪನ್ನು ಮೆತ್ತಗೆ ಬೇಯಿಸಿ, ಉಗುರಿನಷ್ಟು ಚೂರು ಮಾಡಿ ಹಾಕುವಳು. ನೀರಂತೂ ಮಳೆನೀರೇ ಆಗಬೇಕು. ಸಿಸಾಲಿನಲ್ಲಿ ಚಾವಣಿಯಿಂದ ಅಂಗಳದ ತೊಟ್ಟಿಗೆ ಇಳಿಸಿಟ್ಟ ಮಳೆನೀರೆಂದರೆ ಮನೆಯ ಮರ್ಯಾದೆ. ಅದು ಕುಡಿಯಲು, ಕಾಫಿಗೆ, ಬಂದ ನೆಂಟರಿಗೆ. ಬಾವಿಯದು ಸುಣ್ಣಕಲ್ಲಿನ ಸವಳು ನೀರು, ಪಾತ್ರೆಯ ತಳದಲ್ಲಿ ಬೆಳ್ಳಗೆ ಚಕ್ಕೆ ಕಟ್ಟುವಂಥದು, ಅದು ನೆಲ ಒರೆಸಲು. ತನಗೆ ಪ್ರೀತಿಯವರಿಗೆ ಯಾರಾದರೂ ಬಾವಿ ನೀರು ಕೊಡುತ್ತಾರೆಯೇ? ನೇಯ್ದಿ ವಾರಕ್ಕೆರಡು ಸಲ ಮಳೆನೀರು ಬದಲಿಸಿದಳು.

ತಿಂಗಳು ತುಂಬುವಷ್ಟರಲ್ಲಿ ಮೀನುಗಳ ಆರೋಗ್ಯ ಕೆಟ್ಟಿತು. ರೆಕ್ಕೆ ಮಡಚಿಕೊಂಡು, ನಿಂತಲ್ಲೇ ನಿಂತು, ಚಳಿಜ್ವರ ಬಂದವರಂತೆ ಎಡಕ್ಕೂ ಬಲಕ್ಕೂ ನಡುಗತೊಡಗಿದವು. ಎರಡು ಸತ್ತವು. ನೇಯ್ದಿ ಇನ್ನಷ್ಟು ಶುದ್ಧವಾಗಲೆಂದು ಮಳೆನೀರನ್ನು ಕುದಿಸಿ, ಆರಿಸಿ, ಹಾಕಿದಳು. ನಡುಕ ಹೆಚ್ಚಿತು. ಅಮ್ಮ ಗಂಜಿ ಮುಟ್ಟಲಿಲ್ಲ.

ಅರ್ಮಿಂದಾಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಸಾಯಲಿ. ಎಲ್ಲವೂ ಸತ್ತರೆ ಜೋಲಿ ತನ್ನ ಕೋಣೆಗೆ ಮರಳುತ್ತದೆ. ಅವಳಿಗೆ ಬೇಕಿದ್ದದ್ದು ಅದೊಂದೇ.

ಅಷ್ಟರಲ್ಲಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಲು ನೇಯ್ದಿ ಐದು ದಿನ ಮೆರಿದಾಕ್ಕೆ ಹೋಗಬೇಕಾಯಿತು. ಹೊರಡುವಾಗ ಅಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಮಳೆನೀರೇ ಹಾಕು. ಬಾವಿ ನೀರು ತಾಗಿದ್ರೆ ಸತ್ತೇ ಹೋಗ್ತಾವೆ."

"ನನಗೇನು ಗೊತ್ತಾಗಲ್ವಾ? ಹೋಗು, ಬಸ್ಸು ತಪ್ಪುತ್ತೆ."

ಬಸ್ಸು ತಿರುವು ದಾಟುವ ಮೊದಲೇ ಅರ್ಮಿಂದಾ ಬಾವಿಗೆ ಹಗ್ಗ ಬಿಟ್ಟಿದ್ದಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತೊಟ್ಟಿಯ ಅರ್ಧ ನೀರು ಚೆಲ್ಲಿ, ಬಾವಿ ನೀರು ತುಂಬಿದಳು. ಅಷ್ಟಕ್ಕೇ ಹೊಟ್ಟೆಯುರಿ ಆರಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಹಿಡಿ ಕಲ್ಲುಪ್ಪು ತಂದು ಅದರಲ್ಲಿ ಕದಡಿದಳು.

ಮರುದಿನ ಹೆಣ ಎತ್ತಲು ಜಾಲರಿ ಹಿಡಿದೇ ಬಂದಳು. ಐದೂ ಬದುಕಿದ್ದವು. ಮೂರನೆಯ ದಿನ ನಡುಕ ನಿಂತಿತ್ತು. ಉಪ್ಪು ಸಾಲಲಿಲ್ಲವೆಂದುಕೊಂಡು ಇನ್ನೊಂದು ಹಿಡಿ ಹಾಕಿದಳು. ನಾಲ್ಕನೆಯ ದಿನ ಕ್ರಿಸಾಂತೊ ಬೆನ್ನಿನ ಹಾಯಿಯನ್ನು ಪೂರ್ತಿ ಬಿಚ್ಚಿ, ಹೆಣ್ಣುಮೀನಿನ ಮುಂದೆ ಮದುಮಗನ ಹಾಗೆ ಮೆರೆಯುತ್ತಿದ್ದ. ಐದನೆಯ ದಿನ ಮತ್ತೊಂದು ಹೆಣ್ಣು ಮರಿ ಹಾಕಿತು. ಕಪ್ಪು ಎಳ್ಳಿನಂಥ ಮರಿಗಳು ಪಾಚಿಯ ಸಂದಿಯಲ್ಲಿ ಓಡಾಡುತ್ತಿದ್ದವು. ಅರ್ಮಿಂದಾ ತೊಟ್ಟಿಯ ಮುಂದೆ ಬಾಯಿ ತೆರೆದು ನಿಂತುಬಿಟ್ಟಳು. ದರಿದ್ರ ಮೀನಿಗೆ ಸಾಯುವುದಕ್ಕೂ ತನ್ನ ಮೇಲೆ ಹಟವೇ?

ಮೀನು ಮಾರುತ್ತಾ ಬಾಗಿಲಿಗೆ ಬಂದ ದೋನ್ ಹಿಲ್ಮೆರ್ ಒಳಗೆ ಇಣುಕಿ ಹೊಟ್ಟೆ ಹಿಡಿದು ನಕ್ಕ. "ದುಡ್ಡು ಕೊಟ್ಟು ತಂದ್ರಾ ಇವನ್ನ? ನಮ್ಮ ಊರ ಹಿಂದಿನ ಉಪ್ಪು ಜೌಗಿನಲ್ಲಿರೋ ಮೀನಿನ ಬಳಗವೇ ಇದು! ಗಡಸು ನೀರು, ಚೂರು ಉಪ್ಪು ಇದ್ರೆ ಮೈ ತುಂಬ್ಕೊಳ್ತಾವೆ. ಮಳೆನೀರು ಹಾಕಿದ್ರೆ ನಡುಗಿ ಸಾಯ್ತಾವೆ. ಯಾರ ಕೈಗುಣ, ನಿಂದಾ ಅರ್ಮಿಂದಾ?"

ಜೋಲಿಯಿಂದ ಅಮ್ಮನೇ ಹೇಳಿದಳು, "ಹೂಂ, ಅವಳದೇ."

ಸಂಜೆ ನೇಯ್ದಿ ಬಂದವಳು ತೊಟ್ಟಿ ನೋಡಿ ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಏನು ಮಾಡ್ದೆ ಅಕ್ಕಾ?"

"ನಿಮ್ಮಕ್ಕನ ಕೈ ಒಳ್ಳೇದು," ಎಂದಳು ಅಮ್ಮ. "ಅವಳಂಥ ಮಗಳು ಈ ಬಂದರಲ್ಲೇ ಇಲ್ಲ."

ಒಂಬತ್ತು ವರ್ಷ ಕಾದಿದ್ದ ಮಾತು ಅದು. ಕದ್ದ ಹೊಗಳಿಕೆಯೇ ಇರಬಹುದು, ಆದರೂ ಸಿಹಿಯಾಗಿತ್ತು.

ನೇಯ್ದಿ ಮುಖ ತೊಳೆಯಲು ಹಿತ್ತಲಿಗೆ ಹೋದ ಮೇಲೆ ಅಮ್ಮ ತಗ್ಗಿದ ದನಿಯಲ್ಲಿ ಕರೆದಳು. "ಅರ್ಮಿಂದಾ, ನನ್ನ ಜೋಲಿ ನಿನ್ನ ಕೋಣೇಲೇ ಕಟ್ಟಮ್ಮ."

"ಯಾಕಮ್ಮಾ? ಈಗ ತಾನೆ ಮೀನೆಲ್ಲ ಚೇತರಿಸಿಕೊಂಡಿವೆ."

"ಮೀನು ನೋಡಿದ್ದು ಸಾಕು. ನಿನ್ನ ಜೊತೆಗೇ ಇರ್ತೀನಿ."

ಅರ್ಮಿಂದಾ ಹಿಗ್ಗಿ ಹೋದಳು. ಕೊಕ್ಕೆಗೆ ಕೈ ಹಾಕಿ ಹಗ್ಗದ ಗಂಟು ಸಡಿಲಿಸುವಾಗ ಅಮ್ಮ ತನ್ನ ಕೈಗಳನ್ನೇ ನೋಡುತ್ತಿರುವುದು ಕಂಡಿತು. ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಏನಮ್ಮಾ ಹಾಗೆ ನೋಡ್ತೀಯ?"

"ಅವತ್ತು ನಾನು ನಿದ್ದೆ ಮಾಡಿರಲಿಲ್ಲ. ಗೋಡೆ ಕಡೆಯಿಂದ ತಿರುಗಿದಾಗ ನೀನು ಉಪ್ಪು ಹಾಕ್ತಿದ್ದೆ. ನಿನ್ನ ಮುಖ ನೋಡಿದೆ."

"ನೋಡಿದ್ರೆ ಯಾಕೆ ಕೂಗಲಿಲ್ಲ?"

"ಕೂಗಿ?" ಎಂದಳು ಅಮ್ಮ. "ನಾಳೆ ನನ್ನನ್ನ ಎತ್ತಿ ಕೂರಿಸೋಳು ನೀನು. ನನ್ನ ಬಾಯಿಗೆ ಗಂಜಿ ಹಾಕೋಳೂ ನೀನೇ ಅಲ್ವೇ ಮಗಳೇ. ನಿನಗೆ ಬೇಜಾರಾಗೋದು ಬೇಡ. ಕಟ್ಟು, ಅಲ್ಲೇ ಕಟ್ಟು."

ಅರ್ಧ ಬಿಚ್ಚಿದ ಗಂಟು ಕೈಯಲ್ಲಿತ್ತು. ಪ್ರೀತಿಯಿಂದ ಬಂದದ್ದೆಂದುಕೊಂಡ ಹೊಗಳಿಕೆ ಬರೀ ಭಯದಿಂದ ಬಂದಿತ್ತು. ಇಷ್ಟು ವರ್ಷ ಮೀಯಿಸಿದ, ಉಣಿಸಿದ ಕೈಗಳನ್ನು ನೋಡಿ ಅಮ್ಮ ಹೆದರಿದ್ದಳು. ಅರ್ಮಿಂದಾಗೆ ನಾಚಿಕೆಯಿಂದ ಮೈಯೆಲ್ಲ ಬೆಂದುಹೋಯಿತು. ಅವಳು ಗಂಟನ್ನು ಮತ್ತೆ ಬಿಗಿದು, ಎರಡು ಸಲ ಎಳೆದು ನೋಡಿದಳು.

"ಇಲ್ಲೇ ಇರಮ್ಮ," ಎಂದು ಹಿತ್ತಲಿಗೆ ನಡೆದಳು.

ನೇಯ್ದಿ ಒದ್ದೆ ಮುಖ ಒರೆಸಿಕೊಳ್ಳುತ್ತಿದ್ದಳು.

"ಬಾವಿ ನೀರು ಹಾಕಿದೆ, ಎರಡು ಹಿಡಿ ಉಪ್ಪು ಹಾಕಿದೆ," ಎಂದಳು ಅರ್ಮಿಂದಾ. "ಸಾಯಲಿ ಅಂತಲೇ ಹಾಕಿದ್ದು ಕಣೇ. ಅದು ನಿಂಗೆ ಗೊತ್ತಿರಲಿ. ಮತ್ತೆ ನಾಳೆಯಿಂದ ಅಮ್ಮನ್ನ ಎತ್ತೋದು ಹೇಗೆ ಅಂತ ಕಲಿತ್ಕೋ. ತನ್ನನ್ನ ನೋಡ್ಕೊಳ್ಳೋಳು ನಾನೊಬ್ಬಳೇ ಅಲ್ಲ ಅನ್ನೋದು ಅವಳಿಗೂ ಗೊತ್ತಾಗ್ಬೇಕು."