ಚೆನ್ನಾಗೇ ನಡೆಯುತ್ತಿದ್ದ ಗಡಿಯಾರ

ನಮ್ಮ ಯಜಮಾನರದು ಗಡಿಯಾರ ರಿಪೇರಿ ಅಂಗಡಿ. ಲೋಕದಲ್ಲಿ ಏನು ಕೆಟ್ಟರೂ ಅವರ ಪ್ರಕಾರ ಕಾರಣ ಒಂದೇ, ಸವೆತ. ನನ್ನ ಅಪ್ಪನ ಗೋಡೆ ಗಡಿಯಾರ ನಮ್ಮ ಮದುವೆಯಾದ ವರ್ಷವೇ ಇವರ ಕೈಯಲ್ಲಿ ನಿಂತುಹೋಯಿತು. ಅದೂ ಸವೆತವಂತೆ! ಇಪ್ಪತ್ತಾರು ವರ್ಷದಿಂದ ನಮ್ಮ ನಡುಮನೆಯಲ್ಲಿ ಗಂಟೆ ನಾಲ್ಕೂ ಇಪ್ಪತ್ತು.

ಈ ವರ್ಷ ಇವರ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಮಡಚಲಾಗದು. ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕೆಂದು ದಿನವೂ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು ಮಹಾನುಭಾವರು: ಒಂದು ಗಂಟೆ ನಲವತ್ತು ನಿಮಿಷ. ಆಸ್ಪತ್ರೆಗೆ ಮಾತ್ರ ಬರಲೊಲ್ಲರು. ನಾನು ಕೆಂಡಾಮಂಡಲವಾದ ಮೇಲೆ ಬಂದರು.

"ಇದು ಸವೆತ ಅಲ್ಲ, ರುಮಟಾಯ್ಡ್ ಸಂಧಿವಾತ," ಎಂದರು ಡಾಕ್ಟರಮ್ಮ. "ರೋಗಾಣು ಬಂದ್ರೆ ಹೊಡೆದೋಡ್ಸೋಕೆ ಮೈಯಲ್ಲಿ ರಕ್ಷಣಾ ಕಣಗಳಿರ್ತವೆ. ನಿಮ್ಮಲ್ಲಿ ಅವೇ ಸರಿಯಾಗಿರೋ ಬೆರಳ ಕೀಲುಗಳಿಗೆ ನುಗ್ಗಿವೆ. ಒಂದು ಹೋಗಿ ಇನ್ನೊಂದನ್ನ ಕರೆಯುತ್ತೆ, ಒಳಪೊರೆ ಊದ್ಕೊಳ್ಳುತ್ತೆ. ಹಾಗೇ ಬಿಟ್ರೆ ಮೂಳೆನೂ ಕೊರೀತವೆ. ವಾರಕ್ಕೊಂದು ದಿನ ಈ ಮಾತ್ರೆ ತಗೊಳ್ಳಿ, ಅವುಗಳ ಆರ್ಭಟ ತಗ್ಗುತ್ತೆ."

"ನನ್ನ ಕಾಯೋ ಕಣಗಳು ನನ್ನ ಕೈ ಯಾಕೆ ಹಾಳು ಮಾಡ್ತವೆ?" ಎಂದು ಗೊಣಗುತ್ತಲೇ ಇವರು ಮನೆಗೆ ಬಂದರು. ಮಾತ್ರೆ ಡ್ರಾಯರು ಸೇರಿತು.

ಮೂರನೇ ವಾರ ಅಂಗಡಿಗೆ ಊಟ ಒಯ್ದಾಗ ನೋಡಿದೆ: ಎಳ್ಳಿನಷ್ಟು ಸ್ಕ್ರೂ ಒಂದು ಇವರ ಚಿಮುಟದಿಂದ ಮೂರು ಸಲ ಜಾರಿತು. ಆ ಕೈ ಹೋದರೆ ಈ ಮನುಷ್ಯ ಬದುಕಿದ್ದೂ ಇಲ್ಲದಂತೆ.

"ಮಾತ್ರೆ ಯಾಕ್ರೀ ಮುಟ್ತಿಲ್ಲ?"

"ಆ ಡಾಕ್ಟರಮ್ಮನ ಮಾತು ಯಾರು ನಂಬ್ತಾರೆ? ಚೆನ್ನಾಗಿರೋದನ್ನ ಮನೆಯವರೇ ಯಾರಾದ್ರೂ ಕೆಡಿಸ್ತಾರೇನೆ?" ಎಂದವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ಚಿಮುಟ ಕೆಳಗಿಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ನಿಮ್ಮಪ್ಪನ ಗಡಿಯಾರ ಸವೆದಿರ್ಲಿಲ್ಲ ಕಣೆ. ಚೆನ್ನಾಗೇ ನಡೀತಿತ್ತು. ಮಾವನ ಹತ್ರ ಭೇಷ್ ಅನ್ನಿಸ್ಕೊಳ್ಳೋಣ ಅಂತ ನಾನೇ ಬಿಚ್ಚಿದೆ. ಶುರು ಮಾಡಿದ್ಮೇಲೆ ನಿಲ್ಲಿಸೋಕಾಗ್ಲಿಲ್ಲ. ಆಗ ಯಾರಾದ್ರೂ ನನ್ನ ಕೈ ಹಿಡ್ಕೊಂಡು ತಡೀಬೇಕಿತ್ತು."

ಇಪ್ಪತ್ತಾರು ವರ್ಷದ ಸುಳ್ಳು! ಸಿಟ್ಟು ನೆತ್ತಿಗೇರಿತು, ನಗುವೂ ಉಕ್ಕಿ ಬಂತು. ಆ ಊದಿದ ಕೈಯನ್ನು ಗಟ್ಟಿಯಾಗಿ ಹಿಡಿಯಲೂ ಭಯ, ಮೆತ್ತಗೆ ಹಿಡಿದುಕೊಂಡೆ.

"ಮನೆಗೆ ನಡೀರಿ," ಎಂದೆ. "ಮೊದಲು ಮಾತ್ರೆ. ಕೈ ಸರಿಹೋಗ್ಲಿ, ಆಮೇಲೆ ನಮ್ಮಪ್ಪನ ಗಡಿಯಾರ ಇಳಿಸಿ ಕೊಡ್ತೀನಿ."